ಬಾಗಿಲೊಳಗೆ ಹೋದ ಮೀಸೆ

ಬ್ರಹ್ಮಸಮುದ್ರದ ಕಡೆಯ ಬೈರಣ್ಣನ ಮೀಸೆಯನ್ನು ನೋಡದವರಿಗೆ ಅದನ್ನು ವರ್ಣಿಸುವುದು ಕಷ್ಟ, ನೋಡಿದವರಿಗೆ ವರ್ಣಿಸುವ ಅಗತ್ಯವೇ ಇಲ್ಲ. ಅವನು ಕಲ್ಯಾಣದುರ್ಗದ ಬಸ್ಸು ಹತ್ತಿದರೆ ಮೊದಲು ಮೀಸೆಯ ಎಡತುದಿ ಒಳಗೆ ಬಂದು ಸೀಟು ಹಿಡಿಯುತ್ತಿತ್ತು, ಅದರ ಹಿಂದೆ ಬೈರಣ್ಣ ಬರುತ್ತಿದ್ದ, ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ಬಲತುದಿ ಓಡಿ ಬಂದು ಹತ್ತಿಕೊಳ್ಳುತ್ತಿತ್ತು. ಹುಣಿಸೆಮರದ ಮೇಲೆ ನಿಂತು ಕೊಂಬೆ ಬಡಿಯುವಾಗ ಗಿಳಿಗಳು ಅದೂ ಒಂದು ಕೊಂಬೆಯೆಂದು ಬಂದು ಕೂರುತ್ತಿದ್ದವು. ಅವನ ಹೆಂಡತಿ ರಾಮಾಂಜಿನಮ್ಮ ಮದುವೆಯಾದ ಹೊಸತರಲ್ಲಿ ಆ ಮೀಸೆಯ ಹಿಂದೆ ಒಂದು ಬಾಯಿ ಇದೆಯೆಂದೇ ನಂಬಿರಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ಮಾಯವಾಗುವುದನ್ನು ಕಂಡು ನಂಬಿದಳು.

ಹುಣಿಸೆಮರಗಳನ್ನು ಗುತ್ತಿಗೆ ಹಿಡಿದು, ಕಾಯಿ ಬಡಿಸಿ, ಸಿಪ್ಪೆ ಬಿಡಿಸಿ, ಹಣ್ಣನ್ನು ಹಿಂದೂಪುರದ ಮಾರ್ಕೆಟ್ಟಿಗೆ ಹಾಕುವುದು ಬೈರಣ್ಣನ ಕಸುಬು. ಸುಗ್ಗಿಯಲ್ಲಿ ವಾರಗಟ್ಟಲೆ ಅವನು ಹಿಂದೂಪುರದಲ್ಲೇ ಇರುತ್ತಿದ್ದ. ಮೀಸೆ ಬಿಟ್ಟರೆ ಅವನಿಗೆ ಇದ್ದ ಇನ್ನೊಂದು ಆಸ್ತಿಯೆಂದರೆ ಮಾತು. ಕೊಟ್ಟ ಮಾತನ್ನು ಮುರಿಯುವುದು ಅವನಿಗೆ ಬರುತ್ತಲೇ ಇರಲಿಲ್ಲ. ಒಮ್ಮೆ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ‘ಈ ಚೀಲ ಸ್ವಲ್ಪ ನೋಡ್ಕಳಣ್ಣ, ಈಗ ಬಂದೆ’ ಎಂದು ಹೋದವನು ಬರಲೇ ಇಲ್ಲವಂತೆ. ಚೀಲದೊಳಗಿನ ಕಡಲೆಕಾಯಿ ಮೊಳೆತು, ಬಳ್ಳಿ ಹಬ್ಬಿ, ಹೂ ಬಿಟ್ಟರೂ ಬೈರಣ್ಣ ಕೂತ ಕಡೆಯಿಂದ ಏಳಲಿಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದರು. ಹೂ ಬಿಟ್ಟದ್ದು ಸ್ವಲ್ಪ ಜಾಸ್ತಿಯಾಯಿತು. ಮೊಳೆತದ್ದು ನಿಜವಿರಬಹುದು.

ಎಪ್ಪತ್ತರ ದಶಕದ ಕೊನೆಯಲ್ಲಿ ಕಲ್ಯಾಣದುರ್ಗಕ್ಕೆ ಮದ್ರಾಸಿನಿಂದ ಒಂದು ಸಿನಿಮಾ ಕಂಪನಿ ಬಂತು. ಊರಾಚೆ ಪಾಳುಬಿದ್ದಿದ್ದ ಹಳೆಯ ಕಲ್ಲುಮನೆಯೊಂದಕ್ಕೆ ಸುಣ್ಣ ಹೊಡೆದು ಅದನ್ನು ಜಮೀನ್ದಾರನ ಮನೆ ಮಾಡಿದರು. ಜಮೀನ್ದಾರನ ಕಡೆಯ ಒಬ್ಬ ಆಳು ಕೋಲು ಹಿಡಿದು ಆ ಮನೆಯೊಳಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ನಾಯಕನ ಎದುರು ನಿಲ್ಲಬೇಕಿತ್ತು. ಅದಕ್ಕೆ ತಕ್ಕ ಮುಖ ಸಿಗದೆ ಪರದಾಡುತ್ತಿದ್ದ ಕಂಪನಿಯ ಅಸಿಸ್ಟೆಂಟನ ಕಣ್ಣಿಗೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಬೈರಣ್ಣನ ಮೀಸೆ ಬಿತ್ತು. ಬೈರಣ್ಣನನ್ನು ಅವನು ನೋಡಿದ್ದು ಆಮೇಲೆ.

ಬೇವಿನ ಮರದಿಂದ ಬಾಗಿಲಿನವರೆಗೆ ನಡೆದು ಒಳಗೆ ಹೋಗುವುದು, ಅಷ್ಟೇ ಕೆಲಸ. ಬೈರಣ್ಣ ಹೋದ ಗತ್ತಿಗೆ ಕ್ಯಾಮೆರಾದವನೇ ಎದ್ದು ದಾರಿ ಬಿಟ್ಟನಂತೆ. ಅಷ್ಟರಲ್ಲಿ ಹೊತ್ತಿಳಿಯಿತು. ಮಾರನೆಯ ದಿನ ನಾಯಕ ನಟನಿಗೆ ಕಲ್ಯಾಣದುರ್ಗದ ಬಿಸಿಲು ತಾಗಿ ಜ್ವರ ಬಂತು. ಕಂಪನಿ ಗಂಟುಮೂಟೆ ಕಟ್ಟಿತು. ಹೊರಡುವಾಗ ಅಸಿಸ್ಟೆಂಟು ಬೈರಣ್ಣನನ್ನು ಪಕ್ಕಕ್ಕೆ ಕರೆದು, “ಅಣ್ಣಾ, ಲೋಪಲಿಕಿ ಪೋಯಿನಾವು. ಬಯಟಿಕಿ ವಚ್ಚೇದಿ ಬಾಕಿ ಉಂದಿ” ಎಂದ. ಒಳಗೆ ಹೋಗಿದ್ದಾಯಿತು, ಹೊರಗೆ ಬರುವುದು ಬಾಕಿ. ಮತ್ತೆ ಬಂದು ಅದನ್ನು ತೆಗೆಯುತ್ತೇವೆ. ಅಲ್ಲಿಯವರೆಗೆ ಮೀಸೆಗೆ ಕತ್ತರಿ ಸೋಕಬಾರದು, ಈ ಅಂಗಿ, ಈ ರುಮಾಲು ಹೀಗೇ ಇರಬೇಕು. ಒಳಗೆ ಹೋದವನು ಒಬ್ಬ, ಹೊರಗೆ ಬಂದವನು ಇನ್ನೊಬ್ಬ ಎಂದು ಜನರಿಗೆ ಅನ್ನಿಸಿದರೆ ಸಿನಿಮಾ ಎಕ್ಕುಟ್ಟಿಹೋಗುತ್ತದೆ. ಇದಕ್ಕೆ ಕಂಟಿನ್ಯೂಟಿ ಅನ್ನುತ್ತಾರೆ ಎಂದು ವಿವರಿಸಿ, ಗುರುತಿಗೆಂದು ಒಂದು ಫೋಟೊ ಹಿಡಿದು, “ಮಾತು ಕೊಡ್ತೀಯಾ?” ಎಂದು ಕೇಳಿದ.

“ಕೊಟ್ಟೆ ಕಣಪ್ಪ” ಎಂದ ಬೈರಣ್ಣ.

ಆವತ್ತಿನಿಂದ ಅವನ ಮನೆಯಲ್ಲಿ ಕಂಟಿನ್ಯೂಟಿ ಅತ್ತೆಗಿಂತ ಹೆಚ್ಚಾಗಿ ದರಬಾರು ಮಾಡಿತು. ಅಂಗಿಯನ್ನು ಒಗೆಯುವ ಹಾಗಿರಲಿಲ್ಲ, ಎಲೆಯಡಿಕೆಯ ಕಲೆ ಹೋದೀತು. ಬಿಸಿಲಿಗೆ ಹಾಕುವ ಹಾಗಿರಲಿಲ್ಲ, ಬಣ್ಣ ಹೋದೀತು. ಕೊನೆಗೆ ಆ ಅಂಗಿ ಗೂಟಕ್ಕೆ ನೇತುಹಾಕದೆಯೇ ಗೋಡೆಗೊರಗಿ ತಾನೇ ನಿಲ್ಲಲು ಕಲಿಯಿತು. ಊಟಕ್ಕೆ ಕೂತಾಗ ರಾಮಾಂಜಿನಮ್ಮ, “ಒಂದು ಮುದ್ದೆ ಇಕ್ಲೋ ಎರಡು ಇಕ್ಲೋ? ಹೊಟ್ಟೆ ಮುಂದಕ್ಕೆ ಬಂದ್ರೆ ನಿನ್ನ ಕಂಟಿನೂಟಿ ಏನಂತೈತೆ?” ಎಂದು ಕೇಳುತ್ತಿದ್ದಳು.

“ಒಂದೂವರೆ ಇಕ್ಕು. ಶೂಟಿಂಗ್ ದಿನ ಒಂದೂವರೆ ತಿಂದಿದ್ದೆ.”

“ಜೊತೆಗೆ ಬೈಗುಳಾನೂ ತಿಂದಿದ್ದೆ. ಅದ್ನೂ ಇಕ್ತೀನಿ ತಡಿ.”

ನಗುನಗುತ್ತಾ ನಡೆಯುತ್ತಿದ್ದ ಈ ಸಂಸಾರದ ಮೇಲೆ ಸಾವು ಬಂದು ಕೂತಿತು. ಬೈರಣ್ಣನ ಅಪ್ಪ ಕರಿಸಿದ್ದಪ್ಪ ತೀರಿಕೊಂಡ. ತಿಥಿಯ ದಿನ ಗಂಡುಮಕ್ಕಳು ತಲೆ, ಮೀಸೆ ಎರಡನ್ನೂ ತೆಗೆಸುವುದು ಅವರಲ್ಲಿ ಹಿಂದಿನಿಂದ ಬಂದ ನಡವಳಿಕೆ. ಅಣ್ಣ ಈರಲಿಂಗಪ್ಪ ತೆಗೆಸಿಕೊಂಡು ಎದ್ದ. ಬೈರಣ್ಣ ಕೂತು ರುಮಾಲು ಬಿಚ್ಚಿದ. ತಲೆಯನ್ನು ಧಾರಾಳವಾಗಿ ಕೊಟ್ಟ, ಅದು ರುಮಾಲಿನೊಳಗಿನ ವಿಷಯ, ಸಿನಿಮಾದಲ್ಲಿ ಕಾಣುವುದಿಲ್ಲ. ಕತ್ತಿ ಮೂಗಿನ ಕೆಳಗೆ ಬಂದಾಗ ಮಾತ್ರ ಕ್ಷೌರದ ಬೋರಪ್ಪನ ಕೈ ಹಿಡಿದುಕೊಂಡ.

“ಇದು ಬ್ಯಾಡ.”

“ಬ್ಯಾಡ ಅಂದ್ರೆ? ತಲೆ ತೆಗೆದ್ರೆ ಹೇನಿಗೆ ಆಯ್ತೈತೆ ಕಣಪ್ಪ. ಮೀಸೆ ತೆಗೆದ್ರೇನೇ ಅಪ್ಪಂಗೆ.”

“ಮಾತು ಕೊಟ್ಟಿವ್ನಿ. ಕಂಪ್ನಿಯೋರು ಬಂದು ಹೋಗ್ಲಿ, ಅವತ್ತೇ ತೆಗೀತೀನಿ. ಅಪ್ಪ ಇದ್ದಿದ್ರೂ ಮಾತು ಉಳಿಸ್ಕಳ್ಲಾ ಅಂತಿದ್ದ.”

“ನಿಮ್ಮಪ್ಪ ಇದ್ದಿದ್ರೆ ನಾನು ಕತ್ತಿ ಯಾಕಪ್ಪ ತರ್ತಿದ್ದೆ?” ಎಂದ ಬೋರಪ್ಪ.

ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಈರಲಿಂಗಪ್ಪ ಎದ್ದು ಹೋದ, ಆವತ್ತಿನಿಂದ ತಮ್ಮನೊಂದಿಗೆ ಮಾತು ಬಿಟ್ಟ. ಕುಲದ ಯಜಮಾನ ನರಸಿಂಹಪ್ಪ ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದ. ಅಪ್ಪನಿಗೆ ಮೀಸೆ ಕೊಡದ ಮಗ ಪೆದ್ದಲ ಅಮಾವಾಸ್ಯೆಯಲ್ಲಿ ಅಪ್ಪನಿಗೆ ಎಡೆ ಇಡುವ ಹಾಗಿಲ್ಲ. ಹಿರಿಯರಿಗೆ ಅನ್ನ ಇಡುವ ದಿನ ಅವನು ಅಂಗಳದಲ್ಲೇ ನಿಲ್ಲಬೇಕು. ಇನ್ನು ನಾಳೆ ನಾಡಿದ್ದು ತೆಗೆಸಿದರೂ ಅದು ಅಪ್ಪನಿಗೆ ಸೇರುವುದಿಲ್ಲ, ಮೋರಿಗೆ ಸೇರುತ್ತದೆ. ಆದರೆ ನರಸಿಂಹಪ್ಪ ಕಲ್ಲು ಮನಸ್ಸಿನವನಲ್ಲ, ಒಂದು ಬಾಗಿಲನ್ನು ತೆರೆದೇ ಇಟ್ಟ.

“ಆ ಸಿನಿಮಾ ಬರ್ಲಿ ಕಣಪ್ಪ. ನೀನು ಮೀಸೆ ಇಟ್ಕಂಡು ಒಳಕ್ಕೆ ಹೋಗಿ, ಮೀಸೆ ಇಟ್ಕಂಡೇ ಈಚೆಗೆ ಬರೋದು ನಮ್ ಕಣ್ಣಿಗೆ ಬಿದ್ರೆ, ಕೊಟ್ಟ ಮಾತಿಗೋಸ್ಕರ ಇಟ್ಕಂಡಿದ್ದ ಅಂತ ನಾನೇ ನಾಲ್ಕು ಜನದ ಮುಂದೆ ಹೇಳ್ತೀನಿ. ಆವಾಗ ತೆಗೆಸು, ಎಡೆ ಇಡು. ಅಲ್ಲೀಗಂಟ ಸುಮ್ಕಿರು.”

ಹೀಗೆ ಬೈರಣ್ಣನ ಮಾನ ಮದ್ರಾಸಿನ ಯಾವುದೋ ಡಬ್ಬಿಯೊಳಗಿನ ರೀಲಿಗೆ ಸುತ್ತಿಕೊಂಡಿತು. ಒಂದು ಅಮಾವಾಸ್ಯೆ ಹೋಯಿತು, ಇನ್ನೊಂದು ಹೋಯಿತು. ಒಳಗೆ ಅಣ್ಣ ಒಬ್ಬನೇ ಎಡೆ ಇಡುತ್ತಿದ್ದ. ಅಮ್ಮ ಬೀರಕ್ಕ ಬಾಗಿಲ ಹತ್ತಿರ ಕೂತು ಒಮ್ಮೆ ಒಳಗೆ, ಒಮ್ಮೆ ಅಂಗಳಕ್ಕೆ ನೋಡುತ್ತಿದ್ದಳು. ಬೈರಣ್ಣ ಮಾತ್ರ ಕಲ್ಯಾಣದುರ್ಗದ ದಾರಿ ನೋಡುತ್ತಿದ್ದ. ಧೂಳೆದ್ದರೆ ಕಂಪನಿಯ ವ್ಯಾನು ಅಂದುಕೊಳ್ಳುತ್ತಿದ್ದ. ಕುರಿ ಮಂದೆ ಬರುತ್ತಿತ್ತು.

ವ್ಯಾನು ಬರಲಿಲ್ಲ. ಸಿನಿಮಾನೇ ಬಂತು.

ಹುಣಿಸೆಹಣ್ಣಿನ ಸುಗ್ಗಿಯಲ್ಲಿ ಹಿಂದೂಪುರಕ್ಕೆ ಹೋಗಿದ್ದಾಗ ಮಾರ್ಕೆಟ್ಟಿನ ಗೋಡೆಯ ಮೇಲೆ ಅವನು ಪೋಸ್ಟರು ನೋಡಿದ. ಅದೇ ನಾಯಕ, ಹಿಂದೆ ಅದೇ ಕಲ್ಲುಮನೆ. ಹೊರಗೆ ಬರುವುದನ್ನು ತೆಗೆಯದೆ ಸಿನಿಮಾ ಹೇಗೆ ಮುಗಿಯಿತು? ತನ್ನನ್ನು ಒಳಗೇ ಬಿಟ್ಟಿರಬಹುದೇ? ಚೀಲಗಳನ್ನು ಮಂಡಿಯವರಿಗೆ ಒಪ್ಪಿಸಿ ಮ್ಯಾಟಿನಿಗೆ ಓಡಿದ.

ಅವನ ಘಳಿಗೆ ಬಂತು. ಪರದೆಯ ಮೇಲೆ ಬೇವಿನ ಮರ, ಅದರ ಕೆಳಗಿಂದ ಅವನೇ ಹೊರಟ. ಮೀಸೆ ಪರದೆಯ ಆ ಅಂಚಿನಿಂದ ಈ ಅಂಚಿಗೆ ಮುಟ್ಟುತ್ತಿತ್ತು, ಪಕ್ಕದ ಗೋಡೆಗೂ ಸ್ವಲ್ಪ ಹೋಗಿತ್ತು. ಬಲಗೈಯಲ್ಲಿ ಕೋಲು. ಬಾಗಿಲು ತೆರೆಯಿತು, ಒಳಗೆ ಹೋದ. ನಾಯಕ ಬಂದು ಕೂಗಿದ. ಬಾಗಿಲು ಮತ್ತೆ ತೆರೆಯಿತು.

ಹೊರಗೆ ಬಂದವನಿಗೆ ಮೀಸೆಯೇ ಇರಲಿಲ್ಲ. ನುಣ್ಣಗೆ, ಬೇಯಿಸಿ ಸುಲಿದ ಮೊಟ್ಟೆಯ ಹಾಗಿದ್ದ. ರುಮಾಲು ಹೆಚ್ಚುಕಡಿಮೆ ಅದೇ, ಅಂಗಿಯ ಬಣ್ಣ ಅದೇ, ಎಲೆಯಡಿಕೆಯ ಕಲೆ ಇಲ್ಲ. ಕೋಲು ಎಡಗೈಗೆ ಬಂದಿತ್ತು. ಮದ್ರಾಸಿನಲ್ಲೇ ಅಂಥದೊಂದು ಬಾಗಿಲು ನಿಲ್ಲಿಸಿ, ಕೈಗೆ ಸಿಕ್ಕ ಯಾರಿಗೋ ರುಮಾಲು ಸುತ್ತಿ ಮುಗಿಸಿದ್ದರು. ಸಾಲದ್ದಕ್ಕೆ ಅವನಿಗೆ ಒಂದು ಮಾತನ್ನೂ ಕೊಟ್ಟಿದ್ದರು, “ಅಯ್ಯಗಾರು ಇಂಟ್ಲೋ ಲೇರು.” ಯಜಮಾನರು ಮನೆಯಲ್ಲಿಲ್ಲ. ಅಪ್ಪನಿಗೆ ಕೊಡದೆ ಕಾದ ಮೀಸೆಗೆ ಒಂದು ಕೆಮ್ಮೂ ಸಿಕ್ಕಿರಲಿಲ್ಲ. ನಿನ್ನೆ ಮೊನ್ನೆ ಸಿಕ್ಕ ಬೋಳುತುಟಿಗೆ ಪೂರಾ ಒಂದು ಮಾತು.

ಟಾಕೀಸಿನಲ್ಲಿ ಯಾರೂ ಕೂಗಲಿಲ್ಲ, ಕುರ್ಚಿ ಮುರಿಯಲಿಲ್ಲ. ಬೈರಣ್ಣ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವನ ತೋಳು ಹಿಡಿದ.

“ನೋಡ್ದಾ? ಒಳಕ್ಕೆ ಹೋದೋನೇ ಬ್ಯಾರೆ, ಈಚೆಗೆ ಬಂದೋನೇ ಬ್ಯಾರೆ.”

“ಒಳಕ್ಕೆ ಹೋಗಿ ಬೋಳಿಸ್ಕಂಡಿರ್ತಾನೆ ಬಿಡಣ್ಣ. ದೊಡ್ಡೋರ ಮನೆ, ಒಳಗೆ ಎಲ್ಲಾ ಅನುಕೂಲ ಇರ್ತೈತೆ.”

ಬೈರಣ್ಣನಿಗೆ ನಿಜವಾಗಿ ಹೆದರಿಕೆಯಾದದ್ದು ಆ ಉತ್ತರ ಕೇಳಿ. ಇದೇ ಸಿನಿಮಾ ಮಳೆಗಾಲ ಮುಗಿಯುವುದರೊಳಗೆ ಕಲ್ಯಾಣದುರ್ಗಕ್ಕೆ ಬರುತ್ತದೆ, ಊರಿಗೆ ಊರೇ ಹೋಗಿ ನೋಡುತ್ತದೆ. ಅಲ್ಲಿಯವರೆಗೆ ಅವರಿಗೆ ಕಣ್ಣು ಕೊಡಿಸಬೇಕು. ಆ ಸುಗ್ಗಿಯಲ್ಲಿ ಅವನು ಹಿಂದೂಪುರದಲ್ಲಿ ಆಡಿದ ಸಿನಿಮಾಗಳನ್ನೆಲ್ಲ ನೋಡಿದ. ಕಥೆಯನ್ನು ಬಿಟ್ಟು ತಪ್ಪುಗಳನ್ನು ಮಾತ್ರ ನೋಡಿದ. ಹೊಳೆಗೆ ಬಿದ್ದ ನಾಯಕಿ ದಡ ಹತ್ತುವಷ್ಟರಲ್ಲಿ ಇಸ್ತ್ರಿ ಸೀರೆಯಲ್ಲಿದ್ದಳು. ಹೊಲಕ್ಕೆ ಹೊರಟ ಬಂಡಿಗೆ ಬಿಳಿ ಎತ್ತು, ಹೊಲ ಮುಟ್ಟಿದ ಬಂಡಿಗೆ ಕಂದು ಎತ್ತು. ರಾಜನ ದಂಡು ಹೋಗುತ್ತಿದ್ದ ಕಾಡಿನ ಹಿಂದೆ ಕರೆಂಟು ಕಂಬ, ರಾಜನ ಕೈಗೆ ವಾಚು. ಹಣೆಗೆ ಬಿದ್ದ ಏಟಿನ ಪಟ್ಟಿ ಒಂದು ಹಾಡಿನೊಳಗೆ ಎಡಕ್ಕೂ ಬಲಕ್ಕೂ ಓಡಾಡಿ ಸುಸ್ತಾಗಿ ಬಿದ್ದುಹೋಗಿತ್ತು. ಹಸಿದವನು ಉಂಡಷ್ಟೂ ತಟ್ಟೆಯಲ್ಲಿ ಅನ್ನ ಏರುತ್ತಿತ್ತು. ಅಂಥ ತಟ್ಟೆ ನಮ್ಮ ಸೀಮೆಗೆ ಒಂದು ಸಿಕ್ಕಿದ್ದರೆ ಬೋರ್‌ವೆಲ್ ಯಾಕೆ ಬೇಕಿತ್ತು.

ಇದನ್ನೆಲ್ಲ ಊರಿಗೆ ತಂದು ಕಟ್ಟೆಯ ಮೇಲೆ ಹರಡಿದ. ಸಿನಿಮಾದವರು ಸುಳ್ಳರು, ಅವರ ಸಾಕ್ಷಿ ನಂಬಬೇಡಿ ಎಂಬುದು ಅವನ ಒಟ್ಟು ತಾತ್ಪರ್ಯ. ಊರು ಸಿನಿಮಾದವರ ಪರವಾಗಿ ವಕಾಲತ್ತಿಗೆ ನಿಂತಿತು.

“ರಾಜನ ಕೈಗೆ ವಾಚಿತ್ತು ಅಂದೆಲ್ಲ,” ಎಂದ ಚಿಕ್ಕಪ್ಪನ ಮಗ ಪೋತಪ್ಪ. “ಅಲ್ಲಾ ಬೈರಣ್ಣ, ಯುದ್ಧಕ್ಕೆ ಹೊತ್ತಾಯ್ತಾ ಇಲ್ವಾ ಅಂತ ರಾಜ ಇನ್ನೇನು ನಿನ್ನ ಕೇಳ್ಬೇಕಿತ್ತಾ?”

“ಎತ್ತಿನ ಬಣ್ಣ ಬದಲಾತು ಕಣ್ಲಾ.”

“ಬಿಸಿಲಿಗೆ ನಾವೇ ಬದಲಾಯ್ತೀವಿ. ಎತ್ತಂತೆ.”

ಪೆದ್ದಲ ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇದ್ದಾಗ ಸಿನಿಮಾ ಕಲ್ಯಾಣದುರ್ಗಕ್ಕೆ ಬಂತು. ಬೈರಣ್ಣ ಅದು ಚೆನ್ನಾಗಿಲ್ಲ, ಹಾಡಿಲ್ಲ, ಟಾಕೀಸಿನಲ್ಲಿ ತಿಗಣೆ ಎಂದು ಒಬ್ಬೊಬ್ಬರಿಗೂ ಹೇಳಿದ. ಯಾರಾದರೂ ಇಷ್ಟೊಂದು ಬೇಡ ಅಂದರೆ ಏನೋ ಇದೆ ಎಂದೇ ಅರ್ಥ. ಕಾಯಿಲೆಯವರೂ ಎದ್ದು ಬಸ್ಸು ಹತ್ತಿದರು. ಯಜಮಾನ ನರಸಿಂಹಪ್ಪ ಹೊಸ ಪಂಚೆ ಉಟ್ಟು ಹೊರಟ. ಈರಲಿಂಗಪ್ಪ ಅಮ್ಮನ ಕೈಹಿಡಿದು ಕರೆದುಕೊಂಡು ಹೋದ. ಬೈರಣ್ಣ ಹೋಗಲಿಲ್ಲ. ಮನೆಯ ಜಗುಲಿಯ ಮೇಲೆ, ತನ್ನ ಪಾಡಿಗೆ ನಿಂತಿದ್ದ ಆ ಅಂಗಿಯ ಪಕ್ಕದಲ್ಲಿ ಕೂತಿದ್ದ.

ಹೊತ್ತಿಳಿಯುವ ಮೊದಲೇ ಬಸ್ಸು ವಾಪಸು ಬಂತು. ಪೋತಪ್ಪ ಇಳಿಯುವ ಮೊದಲೇ ಮಾತು ಇಳಿಸಿದ.

“ಅಪ್ಪಂಗೆ ಕೊಡ್ದೇ ಇರೋ ಮೀಸೆ ಮದ್ರಾಸ್ನೋರಿಗೆ ಕೊಟ್ಟೆಲ್ಲ ಬೈರಣ್ಣ. ಇದಾ ನಿನ್ನ ಮಾತು?”

“ಅದು ನಾನಲ್ಲ.”

“ಬಾಗಿಲೊಳಕ್ಕೆ ಹೋದೋನು ಯಾರು?”

“ನಾನು.”

“ಇನ್ಯಾರಾದ್ರೂ ಹೋದ್ರಾ?”

“ಇಲ್ಲ.”

“ಹೋದೋನು ಒಬ್ನೇ ಅಂದ್ಮೇಲೆ ಈಚೆಗೆ ಬರೋನು ಇನ್ಯಾರು? ನಾವೇನು ಕುರುಡ್ರಾ?”

ಊರಿನ ಲೆಕ್ಕ ಇಷ್ಟು ಸರಳವಾಗಿತ್ತು. ಸುಗ್ಗಿಯಲ್ಲಿ ಹಿಂದೂಪುರಕ್ಕೆಂದು ಹೋಗಿ ವಾರಗಟ್ಟಲೆ ಇರುತ್ತಾನಲ್ಲ, ಅಲ್ಲಿಂದ ರೈಲು ಹತ್ತಿ ಮದ್ರಾಸಿಗೆ ಹೋಗಿ ಬೋಳಿಸಿಕೊಂಡು ನಿಂತಿದ್ದಾನೆ. ನಾಚಿಕೆಗೆ ಯಾರಿಗೂ ಹೇಳಿಲ್ಲ. ಮೀಸೆ ಮತ್ತೆ ಹೇಗೆ ಬಂತು ಎಂದು ಕೇಳಿದ ಒಬ್ಬನ ಬಾಯನ್ನೂ ಮುಚ್ಚಿಸಿದರು. ಅವನ ಮೀಸೆ ಬೆಳಿಗ್ಗೆ ತೆಗೆದರೆ ಸಂಜೆಗೆ ಗಿಳಿ ಕೂರುವಷ್ಟಾಗುತ್ತದೆ ಎಂದು ಈ ಊರಿನವರೇ ಅಲ್ಲವೇ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದು.

ಕೋಲು ಎಡಗೈಗೆ ಬಂದದ್ದು, ಕಲೆ ಹೋದದ್ದು, ದನಿಯೇ ಬೇರೆ ಇದ್ದದ್ದು, ಎಲ್ಲವನ್ನೂ ಬೈರಣ್ಣ ಹೇಳಿದ. ಗೋಡೆಗೊರಗಿದ್ದ ಅಂಗಿಯನ್ನು ತಂದು ತೋರಿಸಿದ. ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ಅಷ್ಟೇ. ಈರಲಿಂಗಪ್ಪ ದೂರದಲ್ಲಿ ಬೀಡಿ ಸೇದುತ್ತಾ ಎಲ್ಲವನ್ನೂ ಕೇಳುತ್ತಿದ್ದ.

ಅಮಾವಾಸ್ಯೆಯ ದಿನ ಬೆಳಿಗ್ಗೆ ನರಸಿಂಹಪ್ಪ ಬಂದ. ಈ ಹಗರಣವನ್ನು ಮುಗಿಸುವ ದಾರಿಯೊಂದು ಅವನಿಗೆ ಸಿನಿಮಾದಲ್ಲೇ ಕಂಡಿತ್ತು. ಕುಲದವರೆಲ್ಲ ಅಂಗಳದಲ್ಲಿ ಸೇರಿದ್ದರು. ಒಳಗೆ ಎಡೆಗೆ ಎಲೆ ಹಾಸಿತ್ತು.

“ನೋಡ್ರಪ್ಪ,” ಎಂದ. “ಮೀಸೆ ಯಾರಿಗೋಸ್ಕರ ತೆಗೆದ, ಎಲ್ಲಿ ತೆಗೆದ ಅಂತ ನಾನು ಕೇಳಾಕಿಲ್ಲ. ಕರಿಸಿದ್ದಪ್ಪ ಹೋದಮ್ಯಾಲೆ ತೆಗೆದವ್ನೆ. ಕಲ್ಯಾಣದುರ್ಗದ ಅಷ್ಟೂ ಜನ ನೋಡವ್ರೆ. ಕದ್ದುಮುಚ್ಚಿ ತೆಗೆದಿದ್ರೆ ಮೋರಿಗೆ. ಅಷ್ಟು ಜನದ ಮುಂದೆ ತೆಗೆದ್ರೆ ಅದು ಅಪ್ಪಂಗೇ ಸೇರ್ತು ಅಂತ ನನ್ನ ತೀರ್ಮಾನ. ಏನಪ್ಪ ಬೈರಣ್ಣ, ಒಂದು ಮಾತು ಹೇಳ್ಬುಡು. ಈಚೆಗೆ ಬಂದೋನು ನೀನೇ ತಾನೇ?”

ಬೈರಣ್ಣ ಬಾಯಿ ತೆರೆದ. ಈ ತೀರ್ಮಾನಕ್ಕಿಂತ ಅಂಗಳವೇ ವಾಸಿ ಎನ್ನಿಸಿತ್ತು. ಹಟಮಾರಿ ಎಂದು ಅಂಗಳದಲ್ಲಿ ನಿಂತವನಿಗೆ ಅವನ ಮಾತಾದರೂ ಜೊತೆಗಿರುತ್ತದೆ. ಸುಳ್ಳುಗಾರನಾಗಿ ಒಳಗೆ ಹೋದವನಿಗೆ ಏನಿರುತ್ತದೆ? ಇಲ್ಲ ಎನ್ನುವುದರಲ್ಲಿದ್ದ, ಅಷ್ಟರಲ್ಲಿ ಬೀರಕ್ಕ ಬಾಗಿಲಿನಿಂದ ಎದ್ದು ಬಂದು ಅವನ ಗಲ್ಲ ಮುಟ್ಟಿದಳು.

“ಮೀಸೆ ಇಲ್ದಿದ್ರೆ ಥೇಟ್ ನಿಮ್ಮಪ್ಪನೇ ಕಣಪ್ಪ ನೀನು. ಆ ಬಾಗಿಲಿಂದ ಈಚೆಗೆ ಬಂದೆಲ್ಲ, ನನಗೆ ಜೀವ ಝಲ್ ಅಂತು. ಟಾಕೀಸ್ನಾಗೇ ತಲೆ ತುಂಬ ಸೆರಗು ಹೊದ್ಕಂಬುಟ್ಟೆ. ಇಷ್ಟು ದಿನ ಆದಮ್ಯಾಲೆ ಅವ್ರನ್ನ ನೋಡ್ದಂಗಾತು.”

ಬೈರಣ್ಣ ಅಮ್ಮನನ್ನು ನೋಡಿದ. ಮದ್ರಾಸಿನ ಯಾವನೋ ಬೋಳುತುಟಿಯವನನ್ನು ಹೆತ್ತ ಮಗ ಎಂದು ನಂಬಿದ್ದಳು, ಅವನಲ್ಲೇ ಕಟ್ಟಿಕೊಂಡ ಗಂಡನನ್ನೂ ಕಂಡಿದ್ದಳು. ಒಂದೇ ಮುಖಕ್ಕೆ ಇಬ್ಬರನ್ನೂ ಒಪ್ಪಿಸಿ ನೆಮ್ಮದಿಯಾಗಿ ನಿಂತಿದ್ದಳು. ಕಂಪನಿಯವರು ಮೋಸ ಮಾಡಿದರೆ ಅವರು ದೂರದವರು ಎಂದು ಬೈದುಕೊಂಡು ಸುಮ್ಮನಾಗಬಹುದು. ಮೀಸೆಯ ಹಿಂದಿದ್ದ ಮುಖವನ್ನು ಹೆತ್ತವಳೇ ಗುರುತಿಟ್ಟುಕೊಂಡಿಲ್ಲ ಎಂದರೆ ಯಾರನ್ನು ಬೈಯುವುದು?

“ನಾನೇ,” ಎಂದ.

ಅವನು ಆಡಿದ ಮೊದಲ ಸುಳ್ಳು ಮಾತು ಅದು. ಊರು ನಿಟ್ಟುಸಿರು ಬಿಟ್ಟಿತು. ಪೋತಪ್ಪ, “ಆವತ್ತೇ ಒಪ್ಕಂಡಿದ್ರೆ ಏನು ಗಂಟು ಹೋಯ್ತಿತ್ತು” ಎಂದು ಗೊಣಗಿದ. ರಾಮಾಂಜಿನಮ್ಮ ಮಾತ್ರ ಗಂಡನ ಮುಖವನ್ನು ಒಂದು ಸಲ ನೋಡಿ, ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು.

ಒಳಗೆ ಅಣ್ಣತಮ್ಮ ಇಬ್ಬರೇ ಎಲೆಯ ಮುಂದೆ ಕೂತರು. ಈರಲಿಂಗಪ್ಪ ತೆಂಗಿನಕಾಯಿಯನ್ನು ತಮ್ಮನ ಕೈಗೆ ಕೊಟ್ಟ. ಎಷ್ಟೋ ಕಾಲದ ಮೇಲೆ ಅವನ ಬಾಯಿಂದ ಮಾತು ಬಂತು, ತೀರ ತಗ್ಗಿದ ದನಿಯಲ್ಲಿ.

“ಅದು ನೀನಲ್ಲ ಅಂತ ನನಗೆ ಟಾಕೀಸ್ನಾಗೇ ಗೊತ್ತಾತು ಕಣ್ಲಾ. ಅವ್ನ ಹಿಮ್ಮಡಿ ನೋಡ್ದೆ. ಒಂದು ಸೀಳಿಲ್ಲ. ನಮ್ಮನೇಲಿ ಹುಟ್ಟಿದೋನ ಹಿಮ್ಮಡಿಯಾ ಅದು?”

ಬೈರಣ್ಣನ ಕೈಯಲ್ಲಿ ಕಾಯಿ ಹಾಗೇ ನಿಂತಿತು. “ಮತ್ತೆ ಅಷ್ಟು ಜನದ ಮುಂದೆ ಯಾಕಣ್ಣ ಹೇಳ್ಲಿಲ್ಲ?”

“ಹೇಳಿದ್ರೆ ಈ ವರ್ಷಾನೂ ಅಂಗಳದಾಗೇ ನಿಂತಿರ್ತಿದ್ದೆ. ಅಮ್ಮನೂ ಅತ್ಕಂಡು ಕುಂತಿರ್ತಿದ್ಲು. ಒಬ್ನೇ ಎಡೆ ಇಟ್ಟು ನನಗೂ ಬ್ಯಾಸರ ಆಗೈತೆ. ಒಡಿ ಕಾಯಿ.”

ತನ್ನದು ಬಿಟ್ಟರೆ ಒಂದೇ ಒಂದು ಜೊತೆ ಕಣ್ಣು ಈ ಭೂಮಿಯ ಮೇಲೆ ಆ ತಪ್ಪನ್ನು ಕಂಡಿತ್ತು, ಅದೂ ಒಡಹುಟ್ಟಿದವನ ಕಣ್ಣು. ಆ ಕಣ್ಣು ಕಂಡದ್ದನ್ನು ಬಾಯಿ ಬೀಡಿಯ ಜೊತೆ ಸೇದಿಬಿಟ್ಟಿತ್ತು. ಬೈರಣ್ಣ ಕಾಯಿ ಒಡೆದ. ಅನ್ನ ಬಡಿಸಿದ, ಅಪ್ಪನಿಗೆ ಇಷ್ಟವಾದ ಹುಣಿಸೆ ಗೊಜ್ಜು ಬಡಿಸಿದ, ಕರ್ಪೂರ ಹಚ್ಚಿದ. ಅಣ್ಣ ಕಣ್ಣು ಮುಚ್ಚಿದ್ದ. ಹೊರಗೆ ಊರು ಊಟದ ಮಾತಾಡುತ್ತಿತ್ತು.

ಇಡೀ ಕುಲದಲ್ಲಿ ಆ ಸಿನಿಮಾ ನೋಡದೆ ಉಳಿದಿದ್ದವನು ಕರಿಸಿದ್ದಪ್ಪ ಒಬ್ಬನೇ. ಬೈರಣ್ಣ ಎಲೆಯ ಮೇಲೆ ಬಗ್ಗಿದ. ಮೀಸೆಯ ತುದಿಗಳು ಅನ್ನಕ್ಕೆ ತಾಗದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡು, “ಅದು ನಾನಲ್ಲ ಕಣಪ್ಪ” ಎಂದ.